ಆ ಫೋಟೊದಲ್ಲಿ ನಿಂತವರು ಅಜ್ಜನೋ, ಅಜ್ಜನ ಅಣ್ಣನೋ?

ಪ್ರಶ್ನೆ: ನಮ್ಮ ಮನೆಯಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಹಳೆಯ ಸ್ಟುಡಿಯೊ ಫೋಟೊ ಇದೆ. ಕುರ್ಚಿಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ನಿಂತ ತರುಣ, ಮುಂದೆ ಇಬ್ಬರು ಚಿಕ್ಕ ಹುಡುಗಿಯರು. ಆ ತರುಣ ನಮ್ಮ ಅಜ್ಜ ಎಂದು ಚಿಕ್ಕಪ್ಪ ಹೇಳುತ್ತಾರೆ. ಅಲ್ಲ, ಅವರು ಅಜ್ಜನ ಅಣ್ಣ ಎನ್ನುತ್ತಾರೆ ಸೋದರತ್ತೆ. ಅಜ್ಜ ಹುಟ್ಟಿದ್ದು 1889ರಲ್ಲಿ, ಅವರ ಅಣ್ಣ 1884ರಲ್ಲಿ, ಇಬ್ಬರು ತಂಗಿಯರು 1896 ಮತ್ತು 1899ರಲ್ಲಿ. ಫೋಟೊದ ಹಿಂದೆ ನೀಲಿ ಬಾಲ್ ಪೆನ್ನಿನಲ್ಲಿ 'ತಾತ' ಎಂದಷ್ಟೇ ಬರೆದಿದೆ. ಮುಖ ಹೋಲಿಸುವ ಆ್ಯಪ್ ಅಜ್ಜನ ಇನ್ನೊಂದು ಫೋಟೊದೊಂದಿಗೆ ಶೇ 86 ಹೊಂದಾಣಿಕೆ ತೋರಿಸಿತು. ಯಾರ ಮಾತು ನಂಬಬೇಕು?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬರೆದಿಟ್ಟುಕೊಳ್ಳಿ, ಯಾರದನ್ನೂ ತೀರ್ಪು ಎಂದು ಒಪ್ಪಬೇಡಿ. ನಿಮ್ಮ ಕೈಯಲ್ಲಿರುವ ಸುಳಿವುಗಳಲ್ಲಿ ಹೆಚ್ಚು ತೂಕದ್ದು ಆ್ಯಪ್ ಕೊಟ್ಟ 86 ಅಲ್ಲ, ಹಿಂಬದಿಯ 'ತಾತ' ಕೂಡ ಅಲ್ಲ. ಮುಂದೆ ನಿಂತಿರುವ ಆ ಇಬ್ಬರು ಹುಡುಗಿಯರು.

ಇಂಥ ವಾದಗಳಲ್ಲಿ ಎಲ್ಲರ ಕಣ್ಣೂ ಮೊದಲು ಮುಖದ ಮೇಲೆ ಬೀಳುತ್ತದೆ. 'ಮೂಗು ನೋಡು, ಥೇಟ್ ಅಪ್ಪಂದೇ' ಎಂದು ಒಬ್ಬರು, 'ಆ ನಿಲುವು ದೊಡ್ಡಪ್ಪಂದು' ಎಂದು ಇನ್ನೊಬ್ಬರು. ಮುಖವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಫೋಟೊ ಯಾವಾಗಿನದು ಎಂಬುದು ಮೊದಲು. ಆ ಕಾಲಕ್ಕೆ ಮನೆಯಲ್ಲಿ ಆ ವಯಸ್ಸಿನವರು ಯಾರಿದ್ದರು ಎಂಬುದು ಆಮೇಲೆ. ಅಷ್ಟೂ ಜರಡಿ ಹಿಡಿದ ಮೇಲೆ ಒಬ್ಬರಿಗಿಂತ ಹೆಚ್ಚು ಮಂದಿ ಉಳಿದರೆ ಆಗ ಮುಖ. ಅಣ್ಣ ತಮ್ಮಂದಿರ ವಿಷಯದಲ್ಲಂತೂ ಈ ಕ್ರಮ ಬಿಡಲೇಬಾರದು, ಏಕೆಂದರೆ ಅವರ ಮುಖ ಒಂದನ್ನೊಂದು ಹೋಲುವುದು ಸಹಜ. ಹೋಲಿಕೆ ಕಂಡಿತು ಎಂದರೆ ಆ ಮನೆತನದವರು ಎಂದಷ್ಟೇ ಗೊತ್ತಾಗುತ್ತದೆ.

ಇದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಅವರದು. 1957ರಲ್ಲಿ ಬೆಳಕಿಗೆ ಬಂದ ಒಬ್ಬ ಹುಡುಗನ ಫೋಟೊವನ್ನು 13 ವರ್ಷದ ವಿನ್ಸೆಂಟ್ ಎಂದು ಸುಮಾರು 60 ವರ್ಷ ಎಲ್ಲರೂ ನಂಬಿದ್ದರು. ಅದು ವಿನ್ಸೆಂಟ್ ಅಲ್ಲ, 15 ವರ್ಷದ ತಮ್ಮ ಥಿಯೊ ಎಂದು 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಪ್ರಕಟಿಸಿತು. ಕಗ್ಗಂಟು ಬಿಚ್ಚಲು ಮುಖ್ಯವಾಗಿ ನೆರವಾದದ್ದು ಮುಖವಲ್ಲ, ಫೋಟೊ ತೆಗೆದ ಸ್ಟುಡಿಯೊ. ಆ ಛಾಯಾಗ್ರಾಹಕ ಬ್ರಸೆಲ್ಸ್‌ನಲ್ಲಿ ಕೆಲಸ ಶುರುಮಾಡಿದ್ದು 1870ರಲ್ಲಿ. 1853ರಲ್ಲಿ ಹುಟ್ಟಿದ ವಿನ್ಸೆಂಟ್‌ಗೆ ಆಗಲೇ 17 ತುಂಬುತ್ತಿತ್ತು, 13ರ ಹುಡುಗನಾಗಿ ಆ ಕ್ಯಾಮೆರಾದ ಮುಂದೆ ನಿಲ್ಲಲು ಸಾಧ್ಯವೇ ಇರಲಿಲ್ಲ. 1857ರಲ್ಲಿ ಹುಟ್ಟಿದ ಥಿಯೊ 1873ರಲ್ಲಿ ಬ್ರಸೆಲ್ಸ್‌ನಲ್ಲೇ ಕೆಲಸಕ್ಕಿದ್ದರು. ಮುಖದ ವೈಜ್ಞಾನಿಕ ಹೋಲಿಕೆಯೂ ಇದಕ್ಕೆ ಜೊತೆಗೂಡಿತು. ನಿಮ್ಮ ಪ್ರಶ್ನೆಯೂ ಅಣ್ಣ ತಮ್ಮಂದಿರದೇ, ಆದ್ದರಿಂದ ಅದೇ ದಾರಿ ಹಿಡಿಯಿರಿ.

ಈಗ ಹುಡುಗಿಯರ ವಿಷಯ. ದೊಡ್ಡವರ ವಯಸ್ಸನ್ನು ಫೋಟೊ ನೋಡಿ ಅಂದಾಜು ಮಾಡಿದರೆ ಹತ್ತು ವರ್ಷ ಹೆಚ್ಚುಕಡಿಮೆ ಆಗುವುದು ಮಾಮೂಲು. ಚಿಕ್ಕ ಮಕ್ಕಳದ್ದು ಒಂದೆರಡು ವರ್ಷದೊಳಗೆ ಸಿಗುತ್ತದೆ. ತಲೆ ಮತ್ತು ಮೈಯ ಪ್ರಮಾಣ, ಕೆನ್ನೆಯ ತುಂಬು, ಬಾಯಿ ತೆರೆದಿದ್ದರೆ ಮುಂದಿನ ಹಾಲುಹಲ್ಲು ಬಿದ್ದಿದೆಯೇ ಎಂಬುದನ್ನೆಲ್ಲ ನೋಡಿ. ಹಾಲುಹಲ್ಲು ಸಾಮಾನ್ಯವಾಗಿ ಆರು-ಏಳರ ಹೊತ್ತಿಗೆ ಬೀಳುತ್ತವೆ. ಎತ್ತರಕ್ಕೆ ಕುರ್ಚಿಯೇ ಅಳತೆಗೋಲು: ಆಸನ ನೆಲದಿಂದ ಹೆಚ್ಚೂಕಡಿಮೆ 45 ಸೆಂ.ಮೀ. ಇರುತ್ತದೆ. ಹುಡುಗಿ ಕುರ್ಚಿಗೆ ಒತ್ತಿ ನಿಂತಿದ್ದು ಅವಳ ಎತ್ತರ ಆಸನದ ಎರಡು ಪಟ್ಟು ಇದ್ದರೆ ಸುಮಾರು 90 ಸೆಂ.ಮೀ. ಆಯಿತು, ಅಂದರೆ ಮೂರು ವರ್ಷದ ಆಸುಪಾಸು. ಎರಡೂವರೆ ಪಟ್ಟಾದರೆ ಐದಾರು ವರ್ಷ. ಕುರ್ಚಿಗಿಂತ ಕ್ಯಾಮೆರಾದ ಹತ್ತಿರ ನಿಂತಿದ್ದರೆ ಮಗು ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ, ಆಗ ಒಂದಷ್ಟು ಕಳೆಯಬೇಕು.

ಇವರಿಬ್ಬರೂ ಅಜ್ಜನ ತಂಗಿಯರೇ ಎಂದಿಟ್ಟುಕೊಳ್ಳಿ. ಚಿಕ್ಕವಳಿಗೆ ಮೂರು ವರ್ಷ ಎಂದು ಕಂಡರೆ ಫೋಟೊ 1902ರ ಸುಮಾರಿನದು. ಆಗ ಅಜ್ಜನಿಗೆ 13, ಅಣ್ಣನಿಗೆ 18. ಇಲ್ಲಿ ವಾದವೇ ಉಳಿಯುವುದಿಲ್ಲ. ಮೀಸೆ ಚಿಗುರಿದ, ಭುಜ ತುಂಬಿದ ತರುಣನಾದರೆ ಅಣ್ಣ, ಇನ್ನೂ ಎಳೆಯ ಹುಡುಗನಾದರೆ ಅಜ್ಜ. ಚಿಕ್ಕವಳಿಗೆ ಎಂಟು ವರ್ಷ ಎಂದು ಕಂಡರೆ 1907. ಅಜ್ಜನಿಗೆ 18, ಅಣ್ಣನಿಗೆ 23. ಈ ಎರಡು ವಯಸ್ಸನ್ನು ಬೇರ್ಪಡಿಸುವುದು ಕಷ್ಟ, ಬೇರೆ ಸಾಕ್ಷ್ಯ ಬೇಕು. ಇನ್ನೊಂದು ಪರೀಕ್ಷೆಯನ್ನೂ ಮಾಡಿ. ತಂಗಿಯರ ನಡುವೆ ಮೂರು ವರ್ಷದ ಅಂತರ ಇದೆ. ಫೋಟೊದ ಹುಡುಗಿಯರು ಹೆಚ್ಚೂಕಡಿಮೆ ಒಂದೇ ವಯಸ್ಸಿನವರಂತೆ ಕಂಡರೆ ಅವರು ತಂಗಿಯರೆಂಬ ನಂಬಿಕೆಯೇ ಅಲುಗುತ್ತದೆ.

ಬಹಳ ಜನ ಜಾರಿ ಬೀಳುವ ಜಾಗ ಇದು. ಆ ಹುಡುಗಿಯರು ತಂಗಿಯರೆಂದು ನಿಮಗೆ ಹೇಳಿದವರು ಯಾರು? 'ನಿಂತಿರುವುದು ಅಪ್ಪ, ಹಾಗಾಗಿ ಇವರು ಅತ್ತೆಯರು' ಎಂದು ಚಿಕ್ಕಪ್ಪ ಊಹಿಸಿದ್ದು ಆಗಿದ್ದರೆ ಅದರಿಂದ ತರುಣನನ್ನು ಗುರುತಿಸಲು ಹೊರಡಬಾರದು, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೀರಿ. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರೆ ಫೋಟೊ 1910ರ ಆಚೆಯದೂ ಆಗಬಹುದು. ಆಗ ಕುರ್ಚಿಯಲ್ಲಿ ಕುಳಿತವರು ತಾಯಿಯಲ್ಲ, ಹೆಂಡತಿ. ಗುಂಪಿನ ಫೋಟೊದಲ್ಲಿ ಒಬ್ಬರನ್ನು ಒಂಟಿಯಾಗಿ ಗುರುತಿಸಲು ಹೋಗಬೇಡಿ. ಇಡೀ ಗುಂಪಿಗೆ ಒಪ್ಪುವ ಎರಡು-ಮೂರು ಜೋಡಣೆಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ: ತಾಯಿ, ಮಗ, ತಂಗಿಯರು; ಗಂಡ, ಹೆಂಡತಿ, ಮಕ್ಕಳು; ಅಕ್ಕ, ತಮ್ಮ, ಅಕ್ಕನ ಮಕ್ಕಳು. ಪ್ರತಿಯೊಬ್ಬರ ಹುಟ್ಟು, ಮದುವೆ, ಸಾವಿನ ವರ್ಷ ಹಾಕಿ. ಎಲ್ಲರೂ ಕಂಡಷ್ಟು ವಯಸ್ಸಿಗೆ ಹೊಂದುವ ವರ್ಷ ಯಾವ ಜೋಡಣೆಯಲ್ಲಿ ಸಿಗುತ್ತದೆ ನೋಡಿ. ಎಷ್ಟೋ ಸಲ ಒಂದು ಜೋಡಣೆ ಇಲ್ಲೇ ಬಿದ್ದುಹೋಗುತ್ತದೆ.

ವರ್ಷವನ್ನು ಹೊರಗಿನಿಂದ ಹಿಡಿಯಲು ಫೋಟೊವನ್ನು ಒಂದು ವಸ್ತುವಾಗಿ ನೋಡಬೇಕು. ರಟ್ಟಿನ ಅಳತೆ ತೆಗೆದುಕೊಳ್ಳಿ. ಸುಮಾರು 6.3 × 10 ಸೆಂ.ಮೀ. ಇದ್ದರೆ ಅದು ಕಾರ್ಟ್ ಡಿ ವಿಸೀತ್. ಪ್ಯಾರಿಸ್‌ನ ಛಾಯಾಗ್ರಾಹಕ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದ ಮಾದರಿ, 1860ರ ದಶಕದಲ್ಲಿ ಎಲ್ಲೆಡೆ ಹರಡಿತು. ಸುಮಾರು 10.8 × 16.5 ಸೆಂ.ಮೀ. ಇದ್ದರೆ ಕ್ಯಾಬಿನೆಟ್ ಕಾರ್ಡ್, 1866ರಿಂದ ಬಳಕೆಗೆ ಬಂದು 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಮರೆಯಾದದ್ದು. ಪ್ರಿಂಟನ್ನು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಭಾಗ ಹಳದಿಯಾಗಿ, ಮೇಲ್ಮೈಯಲ್ಲಿ ಸಣ್ಣ ಬಿರುಕುಗಳಿದ್ದು, ಕಾಗದದ ನಾರು ಕಾಣುತ್ತಿದ್ದರೆ ಅದು ಮೊಟ್ಟೆಯ ಬಿಳಿಯ ಲೇಪನವಿರುವ ಆಲ್ಬುಮಿನ್ ಪ್ರಿಂಟ್, ಹೆಚ್ಚಾಗಿ 1850ರಿಂದ 1890ರ ದಶಕದವರೆಗಿನದು. ನಾರು ಕಾಣದೆ ನುಣುಪಾಗಿದ್ದು, ಕಪ್ಪು ಭಾಗಗಳ ಅಂಚಿನಲ್ಲಿ ನೀಲಿಛಾಯೆಯ ಲೋಹದ ಹೊಳಪು ಇದ್ದರೆ ಜೆಲಟಿನ್ ಪ್ರಿಂಟ್. 1890ರ ಆಚೆಗೆ ಇದೇ ಹೆಚ್ಚು. ನಿಮ್ಮದು ಜೆಲಟಿನ್ ಆಗಿದ್ದರೆ ಆಶ್ಚರ್ಯವಿಲ್ಲ, ಆಲ್ಬುಮಿನ್ ಆಗಿದ್ದರೆ ತಂಗಿಯರ ಲೆಕ್ಕವನ್ನೇ ಮತ್ತೆ ನೋಡಬೇಕಾಗುತ್ತದೆ.

ಸ್ಟುಡಿಯೊದ ಹೆಸರು, ವಿಳಾಸ ರಟ್ಟಿನ ಮೇಲೆ ಉಬ್ಬಚ್ಚಿನಲ್ಲಿ ಇರಬಹುದು, ಸವೆದು ಕಾಣದೇ ಇರಬಹುದು. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ರಟ್ಟಿನ ಮಟ್ಟಕ್ಕೆ ಇಟ್ಟು ಪಕ್ಕದಿಂದ ಬೆಳಕು ಹಾಯಿಸಿದರೆ ಅಕ್ಷರಗಳ ನೆರಳು ಬೀಳುತ್ತದೆ. ಅಳಿಸಿದ ಪೆನ್ಸಿಲ್ ಬರಹದ ಒತ್ತು ಕೂಡ ಹೀಗೆಯೇ ಕಾಣುತ್ತದೆ. ಸ್ಟುಡಿಯೊ ಆ ವಿಳಾಸದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಎಂಬುದನ್ನು ಆ ಕಾಲದ ವ್ಯಾಪಾರಿ ಡೈರೆಕ್ಟರಿ, ಪತ್ರಿಕೆಯ ಜಾಹೀರಾತುಗಳಲ್ಲಿ ಹುಡುಕಿ. ರಟ್ಟಿನ ಹಿಂದೆ ವಸ್ತುಪ್ರದರ್ಶನದ ಪದಕಗಳನ್ನು ವರ್ಷ ಸಮೇತ ಅಚ್ಚು ಹಾಕಿದ್ದರೆ ಫೋಟೊ ಆ ವರ್ಷಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ. ಎಷ್ಟು ಮುಂದಿನದು ಎಂಬುದನ್ನು ಅದು ಹೇಳುವುದಿಲ್ಲ, ಏಕೆಂದರೆ ತರಿಸಿಟ್ಟ ರಟ್ಟು ಮುಗಿಯುವ ತನಕ ಬಳಕೆಯಾಗುತ್ತಿತ್ತು. ಬಟ್ಟೆಯ ವಿಷಯದಲ್ಲೂ ಹೀಗೆಯೇ. ಎಲ್ಲಕ್ಕಿಂತ ಹೊಸ ಶೈಲಿಯ ಬಟ್ಟೆ ಯಾರ ಮೈಮೇಲಿದೆಯೋ ಅದರಿಂದ ವರ್ಷ ಹಿಡಿಯಬೇಕು, ವಯಸ್ಸಾದವರು ಇಪ್ಪತ್ತು ವರ್ಷ ಹಳೆಯ ಶೈಲಿಯಲ್ಲೇ ಇರಬಹುದು. ಕೋಟು, ಗಡಿಯಾರದ ಸರಪಳಿ ಸ್ಟುಡಿಯೊದವರು ಕೊಟ್ಟದ್ದೂ ಆಗಿರಬಹುದು. 'ಈ ಗಡಿಯಾರ ದೊಡ್ಡಪ್ಪಂದು' ಎಂಬ ಮಾತಿಗೆ ಆ ಗಡಿಯಾರವೇ ಮನೆಯಲ್ಲಿದ್ದು ಗುರುತು ತಾಳೆಯಾಗದ ಹೊರತು ಬೆಲೆ ಕೊಡಬೇಡಿ.

ನಿಮ್ಮ ಕೈಯಲ್ಲಿರುವುದು ಮೂಲ ಪ್ರಿಂಟೋ, ಹಳೆಯ ಫೋಟೊದ ಫೋಟೊವೋ ಎಂಬುದನ್ನೂ ನೋಡಿಕೊಳ್ಳಬೇಕು. ನಕಲಾದರೆ ರಟ್ಟು, ಕಾಗದ, ಸ್ಟುಡಿಯೊ ಎಲ್ಲವೂ ನಕಲು ತೆಗೆದ ವರ್ಷವನ್ನು ಹೇಳುತ್ತವೆಯೇ ಹೊರತು ಜನ ಕುಳಿತ ವರ್ಷವನ್ನಲ್ಲ. ಮೂಲೆಗಳಲ್ಲಿ ಪಿನ್ನಿನ ನೆರಳು, ಚಿತ್ರದೊಳಗೇ ಕಾಣುವ ಇನ್ನೊಂದು ರಟ್ಟಿನ ಅಂಚು, ಮುಟ್ಟಿದರೆ ನುಣ್ಣಗಿದ್ದರೂ ಚಿತ್ರದಲ್ಲಿ ಮೂಡಿರುವ ಮಡಿಕೆ ಮತ್ತು ಬಿರುಕು, ಮುಖದಲ್ಲಿ ನಡುಛಾಯೆಗಳಿಲ್ಲದೆ ಬರೀ ಕಪ್ಪು-ಬಿಳುಪು ಇವು ನಕಲಿನ ಲಕ್ಷಣಗಳು. ಸಂಶಯವಿದ್ದರೆ 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚ್ ಹಾಯಿಸಿ. ಕಾಗದ ಬೆಳ್ಳಗೆ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸಲು ಬೆರೆಸುವ ರಾಸಾಯನಿಕ ಇದೆ ಎಂದರ್ಥ, ಫೋಟೊ ಕಾಗದಕ್ಕೆ ಅದು ಸೇರಿದ್ದು 1950ರ ದಶಕದಿಂದೀಚೆಗೆ. ಹೊಳೆಯದಿದ್ದರೆ ಹಳೆಯದೆಂದು ತೀರ್ಮಾನಿಸಬೇಡಿ, ಆಮೇಲಿನ ಎಲ್ಲ ಕಾಗದದಲ್ಲೂ ಅದು ಇರುವುದಿಲ್ಲ. ಅಂಟು, ಸಾಬೂನಿನ ಕಲೆ ಕೂಡ ಹೊಳೆಯುತ್ತವೆ.

ಇನ್ನು ಹಿಂಬದಿಯ 'ತಾತ'. ಬಾಲ್ ಪೆನ್ನು ಅಂಗಡಿಗೆ ಬಂದದ್ದೇ 1940ರ ದಶಕದಲ್ಲಿ. ಹಾಗಾಗಿ ಈ ಬರಹ ಫೋಟೊ ತೆಗೆದು ಕನಿಷ್ಠ ಮೂವತ್ತು-ನಲವತ್ತು ವರ್ಷವಾದ ಮೇಲಿನದು, ಆ ಹೊತ್ತಿಗೆ ಯಾರೋ ಯಾರಿಂದಲೋ ಕೇಳಿ ಬರೆದದ್ದು. ಸಂಬಂಧದ ಹೆಸರು ಬರೆದವರಿಗೆ ತಕ್ಕಂತೆ ಬದಲಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ತೊಡಕು. ನಿಮ್ಮ ತಲೆಮಾರಿನವರು ಬರೆದಿದ್ದರೆ ತಾತ ಎಂದರೆ ನಿಮ್ಮ ಅಜ್ಜ. ಸೋದರತ್ತೆಯೋ ಚಿಕ್ಕಪ್ಪನೋ ಬರೆದಿದ್ದರೆ ಅವರ ತಾತ, ಅಂದರೆ ನಿಮ್ಮ ಮುತ್ತಜ್ಜ. ಈ ವಾದದಲ್ಲಿ ಇದುವರೆಗೆ ಯಾರೂ ಎತ್ತದ ಮೂರನೆಯ ಹೆಸರು. ಫೋಟೊ ಒಂದು ಕಾಲದಲ್ಲಿ ಅಣ್ಣನ ಕಡೆಯವರ ಮನೆಯಲ್ಲಿದ್ದು ಅಲ್ಲಿಯ ಮೊಮ್ಮಕ್ಕಳು ಬರೆದಿದ್ದರೆ ತಾತ ಎಂದರೆ ಅಣ್ಣ. 'ಇದು ತಾತನ ಫೋಟೊ, ಅವರಿಗೆ ವಾಪಸು ಕೊಡಬೇಕು' ಎಂಬ ಅರ್ಥದಲ್ಲೂ ಬರೆದಿರಬಹುದು. ಮನೆಯ ಹಳೆಯ ಪತ್ರ, ಲೆಕ್ಕದ ಪುಸ್ತಕಗಳಲ್ಲಿರುವ ಕೈಬರಹದೊಂದಿಗೆ ತಾಳೆ ನೋಡಿ. ಕೈ ಯಾರದೆಂದು ತಿಳಿದರೆ ಆ ಎರಡಕ್ಷರಕ್ಕೆ ಅರ್ಥ ಬರುತ್ತದೆ. ಫೋಟೊ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನೂ ಬರೆದಿಡಿ. ಅದು ಆಲ್ಬಮ್ಮಿನಲ್ಲಿದ್ದರೆ ತೆಗೆಯುವ ಮೊದಲು ಆ ಪುಟವನ್ನೂ ಹಿಂದು ಮುಂದಿನ ಪುಟಗಳನ್ನೂ ಇದ್ದ ಹಾಗೆಯೇ ಫೋಟೊ ತೆಗೆದುಕೊಳ್ಳಿ. ಪಕ್ಕದಲ್ಲಿ ಯಾರ ಚಿತ್ರ ಅಂಟಿಸಿದ್ದರು ಎಂಬುದೇ ಒಂದು ಸಾಕ್ಷಿ, ಒಮ್ಮೆ ಕಿತ್ತರೆ ಅದು ಮತ್ತೆ ಸಿಗುವುದಿಲ್ಲ.

ಚಿಕ್ಕಪ್ಪ ಮತ್ತು ಸೋದರತ್ತೆ ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದಾರೆ, ಅದರಲ್ಲಿ ಅನುಮಾನ ಬೇಡ. ಆದರೆ ತಮ್ಮ ತಂದೆಯನ್ನು ಅವರು ಕಂಡದ್ದು ನಡುವಯಸ್ಸಿನಲ್ಲಿ. 18ರ ತರುಣನಾಗಿ ಅವರು ಯಾರನ್ನೂ ನೋಡಿಲ್ಲ. ಪರಿಚಿತ ಮುಖವನ್ನು ಗುರುತಿಸುವುದರಲ್ಲಿ ಮನುಷ್ಯ ಬಹಳ ಚುರುಕು, ಅಪರಿಚಿತ ಮುಖವನ್ನು ಹೋಲಿಸುವುದರಲ್ಲಿ ಅಷ್ಟೇ ದುರ್ಬಲ. ಒಳ್ಳೆಯ ಗುಣಮಟ್ಟದ ಫೋಟೊಗಳನ್ನು ಎದುರಿಗಿಟ್ಟು ನಡೆಸಿದ ಪ್ರಯೋಗಗಳಲ್ಲೇ ಹತ್ತರಲ್ಲಿ ಮೂರರಷ್ಟು ಉತ್ತರ ತಪ್ಪಿದ್ದುಂಟು. ತಾವು ಕಾಣದ ವಯಸ್ಸಿನ ತಂದೆಯ ಮುಖವೂ ಒಂದು ಮಟ್ಟಿಗೆ ಅಪರಿಚಿತ ಮುಖವೇ.

ಭಾಗವಹಿಸಿದವರ ನೆನಪೇ ಹೇಗೆ ತಪ್ಪುತ್ತದೆ ಎಂಬುದಕ್ಕೆ 1945ರ ಫೆಬ್ರವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಜೋ ರೋಸೆಂಥಾಲ್ ತೆಗೆದ ಧ್ವಜ ಏರಿಸುವ ಫೋಟೊ ನೋಡಿ. ಅದರಲ್ಲಿರುವುದು ಆರು ಸೈನಿಕರು, ಮುಖಗಳು ಬಹುಪಾಲು ಕಾಣುವುದಿಲ್ಲ. ಅಮೆರಿಕದ ಮರೀನ್ ದಳ ಆ ಆರು ಹೆಸರುಗಳಲ್ಲಿ ಮೂರನ್ನು ತಿದ್ದಬೇಕಾಯಿತು: 1947ರಲ್ಲಿ ಹ್ಯಾನ್ಸೆನ್ ಬದಲು ಬ್ಲಾಕ್, 2016ರಲ್ಲಿ ಬ್ರಾಡ್ಲಿ ಬದಲು ಶುಲ್ಟ್ಸ್, 2019ರಲ್ಲಿ ಗ್ಯಾಗ್ನನ್ ಬದಲು ಕೆಲ್ಲರ್. ಬ್ರಾಡ್ಲಿ ಅದೇ ಬೆಟ್ಟದ ಮೇಲೆ ಅದೇ ದಿನ ಸ್ವಲ್ಪ ಮೊದಲು ಏರಿಸಿದ್ದ ಬೇರೊಂದು ಧ್ವಜದ ಕೆಲಸದಲ್ಲಿ ಕೈಜೋಡಿಸಿದ್ದವರು. 2016ರ ತಿದ್ದುಪಡಿಗೆ ಕಾರಣವಾದದ್ದು ಹವ್ಯಾಸಿ ಸಂಶೋಧಕರು ಗಮನಿಸಿದ ಸಣ್ಣ ವಿವರಗಳು. ಆ ದಿನದ ಬೇರೆ ಚಿತ್ರಗಳಲ್ಲಿ ಬ್ರಾಡ್ಲಿ ಪ್ಯಾಂಟಿನ ಕೆಳತುದಿ ಮಡಚಿತ್ತು, ಧ್ವಜದ ಚಿತ್ರದಲ್ಲಿದ್ದವನದು ಮಡಚಿರಲಿಲ್ಲ. ಸೊಂಟದ ಪಟ್ಟಿಯಲ್ಲಿ ತೂಗುತ್ತಿದ್ದ ಸಾಮಾನೂ ಬೇರೆ. ಕೆಲ್ಲರ್ ಅವರ ಗುರುತಿಗೆ ಕೈಬೆರಳಿನ ಉಂಗುರ ನೆರವಾಯಿತು. ಇಲ್ಲಿಂದ ನೀವು ಎತ್ತಿಕೊಳ್ಳಬೇಕಾದ ಕೆಲಸ ಒಂದಿದೆ: ಅದೇ ದಿನ, ಅದೇ ಪರದೆಯ ಮುಂದೆ ತೆಗೆದ ಇನ್ನೊಂದು ಫೋಟೊ ಮನೆತನದ ಯಾವುದೋ ಪೆಟ್ಟಿಗೆಯಲ್ಲಿ ಇರಬಹುದು. ಅದೇ ಕೋಟು, ಅದೇ ಗುಂಡಿ, ಅದೇ ಮಡಿಕೆ ಸಿಕ್ಕಿತೆಂದರೆ ಮುಖದ ವಾದಕ್ಕಿಂತ ಅದು ಗಟ್ಟಿ.

ಸಾಕ್ಷಿಗಳನ್ನು ಲೆಕ್ಕ ಹಾಕುವಾಗ ತಲೆ ಎಣಿಸಬೇಡಿ. ನಾಲ್ಕು ಜನ ಒಂದೇ ಮಾತು ಹೇಳಿದರೂ ನಾಲ್ವರೂ ಅದನ್ನು ಒಂದೇ ಅಜ್ಜಿಯ ಬಾಯಲ್ಲಿ ಕೇಳಿದ್ದರೆ ಅದು ಒಂದೇ ಸಾಕ್ಷಿ. ಪ್ರತಿಯೊಬ್ಬರಿಗೂ ಕೇಳಿ: ನಿಮಗೆ ಇದನ್ನು ಹೇಳಿದವರು ಯಾರು, ಆಗ ನಿಮ್ಮ ವಯಸ್ಸೆಷ್ಟು, ಅವರನ್ನು ನೀವು ಜೀವಂತ ಕಂಡಿದ್ದಿರಾ? ಅವರ ಮಾತನ್ನು ಅವರ ಪದಗಳಲ್ಲೇ, ದಿನಾಂಕ ಹಾಕಿ ಬರೆದುಕೊಳ್ಳಿ. 'ಇವರು ಅಜ್ಜ ಅಲ್ಲವಾ?' ಎಂದು ಕೇಳಲೇಬಾರದು. 'ಇವರು ಯಾರು?' ಎಂದಷ್ಟೇ ಕೇಳಿ. ಹೆಸರು ಬಾಯಿಗಿಟ್ಟು ಕೇಳಿದರೆ ಹಿರಿಯರು ತಲೆಯಾಡಿಸುತ್ತಾರೆ, ಮರುದಿನದಿಂದ ಅದು ಅವರದೇ ನೆನಪಾಗಿಬಿಡುತ್ತದೆ.

ಈ ಫೋಟೊವನ್ನು ಇದುವರೆಗೆ ನೋಡದ ಹಿರಿಯರು ಇನ್ನೂ ಯಾರಾದರೂ ಇದ್ದರೆ ಅವರನ್ನು ಜೋಪಾನವಾಗಿ ಬಳಸಿಕೊಳ್ಳಿ. ತರುಣನ ಮುಖವನ್ನಷ್ಟೇ ಕತ್ತರಿಸಿ, ಅದೇ ಕಾಲದ, ಅದೇ ವಯಸ್ಸಿನ, ಅದೇ ಛಾಯೆಯ ಬೇರೆ ಐದು ಮುಖಗಳ ಜೊತೆ ಒಂದೇ ಗಾತ್ರದಲ್ಲಿ ಮುದ್ರಿಸಿ. ಆ ಐವರು ನಿಮ್ಮ ಮನೆತನದವರಲ್ಲದಿರಲಿ. ತೋರಿಸುವ ಕೆಲಸವನ್ನು ಯಾವುದು ಯಾರೆಂದು ಗೊತ್ತಿಲ್ಲದವರಿಗೆ ವಹಿಸಿ, ನಮ್ಮ ಕಣ್ಣೇ ಉತ್ತರ ಬಿಟ್ಟುಕೊಡುತ್ತದೆ. 'ಇವರಲ್ಲಿ ಗೊತ್ತಿರುವವರು ಯಾರೂ ಇಲ್ಲದಿರಬಹುದು' ಎಂದು ಮೊದಲೇ ಹೇಳಬೇಕು. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿ.

ಈಗ ಮುಖಕ್ಕೆ ಬರೋಣ. ಮೊದಲು ಹೋಲಿಕೆಗೆ ಆಧಾರವಾದ ಫೋಟೊಗಳು ಬೇಕು. ಅಜ್ಜನದು ಮೂರು, ಅಣ್ಣನದು ಮೂರು, ಬೇರೆ ಬೇರೆ ವಯಸ್ಸಿನವು. ಅವುಗಳ ಗುರುತು ಈ ಜಗಳದಿಂದ ಹೊರಗಿನದಾಗಿರಬೇಕು, ಅಂದರೆ ಪಾಸ್‌ಪೋರ್ಟ್, ನೌಕರಿಯ ದಾಖಲೆ, ಹೆಸರು ಮುದ್ರಿತವಾದ ಗುಂಪು ಚಿತ್ರ, ಇಂಥವು. ಸೋದರತ್ತೆಯೇ ಗುರುತಿಸಿದ ಇನ್ನೊಂದು ಫೋಟೊ ಇಟ್ಟುಕೊಂಡು ಸೋದರತ್ತೆಯ ಮಾತನ್ನು ಪರೀಕ್ಷಿಸಲಾಗದು. ಆ್ಯಪ್‌ಗೆ ನೀವು ಕೊಟ್ಟ ಅಜ್ಜನ ಫೋಟೊ ಎಲ್ಲಿಂದ ಬಂದದ್ದು ಎಂಬುದನ್ನೂ ಹೀಗೆಯೇ ಕೇಳಿಕೊಳ್ಳಿ.

ಸ್ಕ್ಯಾನ್ ಮಾಡಲು ಕ್ಯಾಬಿನೆಟ್ ಗಾತ್ರಕ್ಕೆ 600 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ಚಿಕ್ಕದಕ್ಕೆ 1200. ಬಣ್ಣದಲ್ಲೇ ಮಾಡಿ, ಟಿಫ್ ಕಡತವಾಗಿ ಉಳಿಸಿ, ಹಿಂಬದಿಯನ್ನೂ ಮಾಡಿ. ಪ್ರಿಂಟ್‌ನಲ್ಲಿ ಮುಖದ ಅಗಲ ಒಂದು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕಿವಿಯ ಮಡಿಕೆಯಂಥ ವಿವರ ಹಲವು ಸಲ ಕಾಗದದಲ್ಲೇ ಇರುವುದಿಲ್ಲ. ಡಿಪಿಐ ಏರಿಸಿದರೆ ಬರೀ ಕಾಗದದ ಕಣ ದೊಡ್ಡದಾಗುತ್ತದೆ. ಮಸುಕು ಮುಖವನ್ನು ಸ್ಪಷ್ಟ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಹೋಲಿಕೆಗೆ ಬಳಸಲೇಬೇಡಿ. ಅವು ಇಲ್ಲದ ಕಣ್ರೆಪ್ಪೆ, ಹಲ್ಲು, ಕಣ್ಣಿನ ಅಂಚನ್ನು ತಾವೇ ಬರೆಯುತ್ತವೆ. ಆಮೇಲೆ ನೀವು ಹೋಲಿಸುವುದು ನಿಮ್ಮ ಅಜ್ಜನ ಮುಖವನ್ನಲ್ಲ, ಲಕ್ಷಾಂತರ ಬೇರೆ ಮುಖಗಳಿಂದ ಕಲಿತು ಯಂತ್ರ ಬಿಡಿಸಿದ ಮುಖವನ್ನು.

ಚಿತ್ರ ಎಡಬಲ ಮಗುಚಿದೆಯೇ ನೋಡಿ. ಲೋಹದ ತಗಡಿನ ಮೇಲಿನ ಟಿನ್‌ಟೈಪ್ ಕನ್ನಡಿಯ ಬಿಂಬದಂತೆ ಮಗುಚಿಕೊಂಡಿರುತ್ತದೆ, ಅದರಿಂದ ಕಾಗದಕ್ಕೆ ತೆಗೆದ ನಕಲಿನಲ್ಲೂ ಹಾಗೆಯೇ ಉಳಿಯುತ್ತದೆ. ಅಮೆರಿಕದ ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಬಂದೂಕುಗಾರ ಎಡಗೈಯವನೆಂಬ ನಂಬಿಕೆ ಬಹುಕಾಲ ನಡೆದುಬಂದದ್ದು ಇದರಿಂದಲೇ. ಅವನ ಕೈಯಲ್ಲಿರುವ ವಿಂಚೆಸ್ಟರ್ ರೈಫಲ್‌ಗೆ ಗುಂಡು ತುಂಬುವ ಕಿಂಡಿ ಇರುವುದು ಬಲಬದಿಯಲ್ಲಿ, ಫೋಟೊದಲ್ಲಿ ಅದು ಎಡಕ್ಕಿತ್ತು. ಗಂಡಸರ ಕೋಟಿನಲ್ಲಿ ಎದೆಯ ಜೇಬು ಎಡಕ್ಕಿದ್ದು ಎಡಪಟ್ಟಿ ಮೇಲೆ ಬರುತ್ತದೆ. ಚಿತ್ರದಲ್ಲಿ ಇದು ತಿರುಗಿದ್ದರೆ ಎಡಗೆನ್ನೆಯ ಮಚ್ಚೆ, ಬೈತಲೆಯ ಬದಿ ಇಂಥ ವಾದಗಳೆಲ್ಲ ಅಡಿಮೇಲಾಗುತ್ತವೆ.

ಆ ಕಾಲದ ಫೋಟೊ ಲೇಪನಗಳು ಬಣ್ಣಗಳನ್ನು ನಮ್ಮ ಕಣ್ಣಿನಂತೆ ಕಾಣುತ್ತಿರಲಿಲ್ಲ. ಕೆಂಪು ಮತ್ತು ಹಳದಿ ಕಪ್ಪಾಗಿ, ನೀಲಿ ಬೆಳ್ಳಗೆ ಬೀಳುತ್ತಿತ್ತು. ಎಲ್ಲ ಬಣ್ಣ ಗ್ರಹಿಸುವ ಪ್ಲೇಟುಗಳು 20ನೇ ಶತಮಾನದ ಮೊದಲ ದಶಕದಲ್ಲಿ ಬಂದರೂ ರೂಢಿಗೆ ಬರಲು ಸಮಯ ಹಿಡಿಯಿತು. ಅದರಿಂದ 'ಬಣ್ಣ ಕಪ್ಪು, ಹಾಗಾಗಿ ಅಣ್ಣ' ಎಂಬ ವಾದ ನಿಲ್ಲುವುದಿಲ್ಲ. ಕ್ಯಾಮೆರಾ ಹತ್ತಿರವಿದ್ದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು, ಮಚ್ಚೆ, ಸಿಡುಬಿನ ಕಲೆ ಅಳಿಸುವುದು ಸ್ಟುಡಿಯೊಗಳ ದಿನನಿತ್ಯದ ಕೆಲಸವಾಗಿತ್ತು. ಆದ್ದರಿಂದ ಕಲೆ ಇದೆ ಎಂಬುದು ಸಾಕ್ಷ್ಯ, ಇಲ್ಲ ಎಂಬುದು ಸಾಕ್ಷ್ಯವಲ್ಲ.

ಇಷ್ಟು ಎಚ್ಚರದಲ್ಲಿ, ಒಂದೇ ಕೋನದ ಎರಡು ಫೋಟೊ ಅಕ್ಕಪಕ್ಕ ಇಟ್ಟು ಮೊದಲು ವ್ಯತ್ಯಾಸ ಹುಡುಕಿ, ಹೋಲಿಕೆಯನ್ನಲ್ಲ. ವಯಸ್ಸು, ಬೆಳಕು, ಕೋನ ಯಾವುದರಿಂದಲೂ ವಿವರಿಸಲಾಗದ ಒಂದೇ ಒಂದು ವ್ಯತ್ಯಾಸ ಆ ವ್ಯಕ್ತಿಯನ್ನು ತಳ್ಳಿಹಾಕಲು ಸಾಕು. ಇಪ್ಪತ್ತು ಹೋಲಿಕೆ ಸೇರಿದರೂ 'ಇವರೇ' ಎನ್ನಲಾಗದು. ಕಿವಿ ನೋಡಿ: ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಒಳಮಡಿಕೆ ಹೇಗೆ ಕವಲೊಡೆದಿದೆ, ಮೇಲಂಚಿನಲ್ಲಿ ಗಂಟಿದೆಯೇ. ಕಿವಿಯ ಆಕಾರ ಉಳಿಯುತ್ತದೆ, ಉದ್ದ ಮಾತ್ರ ಬೆಳೆಯುತ್ತದೆ; ದೊಡ್ಡವರಲ್ಲಿ ವರ್ಷಕ್ಕೆ ಸರಾಸರಿ 0.22 ಮಿ.ಮೀ. ಎಂದು 1995ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ. ಹುಬ್ಬಿನ ಮೂಳೆ, ಗದ್ದದ ಗುಳಿ, ಹಣೆಯ ಮೇಲೆ ಕೂದಲು ಹುಟ್ಟುವ ಗೆರೆ ಕೂಡ ಉಪಯುಕ್ತ. ಹಲ್ಲು ಬಿದ್ದವರ ಗದ್ದ ಮೂಗಿನ ಹತ್ತಿರ ಬರುವುದರಿಂದ ವೃದ್ಧಾಪ್ಯದ ಫೋಟೊದ ಕೆಳಮುಖವನ್ನು ತರುಣನ ಕೆಳಮುಖಕ್ಕೆ ಹೋಲಿಸಬೇಡಿ. ಅಣ್ಣ ತಮ್ಮಂದಿರಿಗೆ ಕಿವಿಯೂ ಒಂದೇ ತೆರನಿರಬಹುದು. ಅವರನ್ನು ಬೇರ್ಪಡಿಸುವುದು ಬದುಕು ಬರೆದ ಗುರುತುಗಳು: ಸೊಟ್ಟಗೆ ಕೂಡಿದ ಬೆರಳು, ಇಳಿಬಿದ್ದ ರೆಪ್ಪೆ, ಮುರಿದ ಹಲ್ಲು, ಹುಬ್ಬಿನ ಮೇಲಿನ ಗಾಯದ ಗೆರೆ. ಹಾಗಾಗಿ ಕೈಗಳನ್ನು ಮರೆಯದೆ ನೋಡಿ.

ಒಂದು ಮುಖದ ಮೇಲೆ ಇನ್ನೊಂದನ್ನು ಪಾರದರ್ಶಕವಾಗಿ ಕೂರಿಸಿ ತೋರಿಸುವವರಿದ್ದಾರೆ. ಕಣ್ಣಿಗೆ ಕಣ್ಣು ಹೊಂದುವಂತೆ ಗಾತ್ರ ಬದಲಿಸಿದ ಮೇಲೆ ಮೂಗು ಬಾಯಿ ಹತ್ತಿರ ಬೀಳದೇ ಇನ್ನೇನಾದೀತು? ಸಂಬಂಧವೇ ಇಲ್ಲದ ಇಬ್ಬರದೂ ಹಾಗೆ ಕೂರುತ್ತದೆ. ಅದಕ್ಕೆ ಬೆಲೆಯಿಲ್ಲ.

ಆ್ಯಪ್‌ನ 86 ಎಂಬುದು 'ಇವರೇ ಅಜ್ಜ ಎನ್ನಲು ಶೇ 86 ಅವಕಾಶ' ಎಂದಲ್ಲ. ಎರಡು ಚಿತ್ರಗಳ ಅಂಕಿಗಳು ಎಷ್ಟು ಹತ್ತಿರ ಎಂಬುದರ ಅಳತೆ, ಅದೂ ಆ ಕಂಪನಿಯದೇ ಮಾಪಕದಲ್ಲಿ. ಈ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ಈಗಿನ ಡಿಜಿಟಲ್ ಚಿತ್ರಗಳಿಂದ. ಒಡಹುಟ್ಟಿದವರನ್ನು ಒಬ್ಬರೇ ಎಂದು ಸೇರಿಸುವುದು ಅವುಗಳ ಗೊತ್ತಿರುವ ದೌರ್ಬಲ್ಯ. ಒಂದು ಪ್ರಯೋಗ ಮಾಡಿ. ಅದೇ ತರುಣನ ಮುಖವನ್ನು ಅಣ್ಣನ ಫೋಟೊದೊಂದಿಗೆ, ನಿಮ್ಮ ತಂದೆಯ ತಾರುಣ್ಯದ ಫೋಟೊದೊಂದಿಗೆ, ಅದೇ ಕಾಲದ ಐದಾರು ಅನ್ಯರ ಫೋಟೊಗಳೊಂದಿಗೆ ಹೋಲಿಸಿ. ಅಜ್ಜ ಮತ್ತು ಅಣ್ಣ ಇಬ್ಬರದೂ ಖಚಿತವಾಗಿ ಗೊತ್ತಿರುವ ಫೋಟೊಗಳನ್ನು ಪರಸ್ಪರ ಹೋಲಿಸಿದಾಗ ಎಷ್ಟು ಬರುತ್ತದೆ ಎಂಬುದನ್ನೂ ನೋಡಿ. ಅಲ್ಲೂ 84, 88 ಬಂದರೆ ನಿಮ್ಮ 86ಕ್ಕೆ ಅಣ್ಣ ತಮ್ಮಂದಿರನ್ನು ಬೇರ್ಪಡಿಸುವ ಶಕ್ತಿ ಇಲ್ಲ.

ಇದೆಲ್ಲ ನಡೆಯುತ್ತಿರುವಾಗ ಮೂಲ ಫೋಟೊದ ಮೇಲೆ ಹೆಸರು ಬರೆಯಬೇಡಿ, ಹಳೆಯ ಬರಹ ಅಳಿಸಬೇಡಿ. ಮೆತ್ತನೆಯ ಪೆನ್ಸಿಲ್‌ನಲ್ಲಿ ಹಿಂಬದಿಯ ಅಂಚಿಗೆ ಒಂದು ಸಂಖ್ಯೆ ಹಾಕಿ, ಉಳಿದದ್ದೆಲ್ಲ ಆ ಸಂಖ್ಯೆಯ ಹಾಳೆಯಲ್ಲಿ ಬರೆಯಿರಿ. ಖಚಿತ, ಸಂಭವನೀಯ, ಸಾಧ್ಯ, ತಳ್ಳಿಹಾಕಿದ್ದು ಎಂಬ ನಾಲ್ಕೇ ದರ್ಜೆ ಸಾಕು, ಪ್ರತಿಯೊಂದಕ್ಕೂ ಕಾರಣ ಜೊತೆಗಿರಲಿ. ಉದಾಹರಣೆಗೆ: 'ನಿಂತ ತರುಣ: ಅಜ್ಜನ ಅಣ್ಣ, ಸಂಭವನೀಯ. ಹುಡುಗಿಯರು 1896, 1899ರ ತಂಗಿಯರಾದರೆ ಫೋಟೊ 1902ರ ಸುಮಾರು. ಆಗ ಅಜ್ಜನಿಗೆ 13. ಸೋದರತ್ತೆ ಅಣ್ಣ ಎನ್ನುತ್ತಾರೆ, ಚಿಕ್ಕಪ್ಪ ಅಜ್ಜ ಎನ್ನುತ್ತಾರೆ. ಹಿಂಬದಿಯ ತಾತ ಎಂಬ ಬರಹ 1940ರ ದಶಕಕ್ಕಿಂತ ಹಿಂದಿನದಲ್ಲ, ಕೈ ಯಾರದೆಂದು ತಿಳಿದಿಲ್ಲ.' ಒಪ್ಪದ ಅಭಿಪ್ರಾಯವನ್ನೂ ಬಿಡದೆ ಬರೆಯಿರಿ; ನಾಳೆ ಹೊಸ ಸಾಕ್ಷ್ಯ ಸಿಕ್ಕವರಿಗೆ ಅದೇ ದಾರಿ ತೋರಿಸಬಹುದು. ಅಂತರ್ಜಾಲದ ವಂಶವೃಕ್ಷಗಳಿಗೆ ಈ ಚಿತ್ರವನ್ನು ಹೆಸರು ಸಮೇತ ಸದ್ಯ ಏರಿಸಬೇಡಿ. ಹತ್ತು ಕಡೆ ನಕಲಾಗಿ ಹೋದ ಹೆಸರನ್ನು ಹಿಂದಕ್ಕೆ ತರುವುದು ಆಗದ ಮಾತು, ಆಮೇಲೆ ಅದೇ ಹತ್ತು ನಕಲನ್ನು ಯಾರೋ ಹತ್ತು ಸಾಕ್ಷಿ ಎಂದುಕೊಳ್ಳುತ್ತಾರೆ.

ಚಿತ್ರ ಬೇರೆಲ್ಲಾದರೂ ಅಚ್ಚಾಗಿದೆಯೇ ಎಂದು ಚಿತ್ರದಿಂದಲೇ ಹುಡುಕುವ ಸೌಲಭ್ಯದಲ್ಲಿ ಒಮ್ಮೆ ನೋಡಿ. ಕಾಣೆಯಾದ ವಿಮಾನ ಚಾಲಕಿ ಅಮೆಲಿಯಾ ಇಯರ್‌ಹಾರ್ಟ್ ಬದುಕುಳಿದಿದ್ದರು ಎನ್ನಲು 2017ರಲ್ಲಿ ಒಂದು ಟಿವಿ ಸಾಕ್ಷ್ಯಚಿತ್ರ ತೋರಿಸಿದ ಫೋಟೊ ಬಿದ್ದುಹೋದದ್ದು ಅದು ಮೊದಲೇ ಅಚ್ಚಾಗಿದ್ದದ್ದು ಪತ್ತೆಯಾಗಿ. ಅವರು ಕಾಣೆಯಾದದ್ದು 1937ರಲ್ಲಿ, ಆ ಫೋಟೊ 1935ರಲ್ಲೇ ಜಪಾನಿನ ಒಂದು ಪ್ರವಾಸ ಪುಸ್ತಕದಲ್ಲಿ ಅಚ್ಚಾಗಿತ್ತು. ಮುಖ ಹೋಲುತ್ತದೆಯೇ ಎಂಬ ಚರ್ಚೆಯ ಅಗತ್ಯವೇ ಉಳಿಯಲಿಲ್ಲ.

ನಿಮ್ಮ ವಿಷಯದಲ್ಲಿ ತೀರ್ಪು ಸಿಗುವ ಸಾಧ್ಯತೆ ಹೆಚ್ಚಿರುವುದು ಇನ್ನೊಂದು ಪ್ರತಿಯಲ್ಲಿ. ಸ್ಟುಡಿಯೊಗಳು ಒಂದೇ ನೆಗೆಟಿವ್‌ನಿಂದ ಹಲವು ಪ್ರತಿ ಮಾಡಿಕೊಡುತ್ತಿದ್ದವು, ಅವು ನೆಂಟರ ಮನೆಗಳಿಗೆ ಹಂಚಿಹೋಗುತ್ತಿದ್ದವು. ಅಣ್ಣನ ಮೊಮ್ಮಕ್ಕಳಿಗೆ, ಆ ಇಬ್ಬರು ತಂಗಿಯರ ಮನೆಯವರಿಗೆ, ಮುತ್ತಜ್ಜಿಯ ತವರಿನವರಿಗೆ ಬರೆಯಿರಿ. ಹೆಸರು ಹೇಳಬೇಡಿ, ವಾದದ ವಿಷಯವೂ ಬೇಡ. ಚಿತ್ರದ ಮುಂಬದಿಯನ್ನಷ್ಟೇ ಕಳಿಸಿ, 'ನಿಮ್ಮಲ್ಲಿ ಇದರ ಪ್ರತಿ ಇದೆಯೇ, ಇದ್ದರೆ ಅದರ ಹಿಂಬದಿಯ ಫೋಟೊ ಕಳಿಸುವಿರಾ' ಎಂದು ಕೇಳಿ. ಅಲ್ಲಿ ಬಾಲ್ ಪೆನ್ನಿನ ಬದಲು ಹಳೆಯ ಶಾಯಿಯಲ್ಲಿ, ಸಂಬಂಧದ ಬದಲು ಹೆಸರು ಬರೆದಿದ್ದರೆ ನೀವು ಹುಡುಕುತ್ತಿರುವುದು ಅದೇ.